ಟ್ರ್ಯಾಕ್ಟರ್ ಸಾಗಿಸುವಾಗ ಮೇಲೆ ಆಳು ಕೂರಿಸಬೇಡಿ, ನಾಲ್ಕು ಮೂಲೆಗೆ ಚೈನ್ ಹಾಕಿಸಿ: ಕೊಡಗು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಅಧ್ಯಕ್ಷರು ತಾವೇ ಆಗಿರುವುದರಿಂದ ಈ ಪತ್ರ ತಮಗೆ. ಮಡಿಕೇರಿಯ ಪ್ರಾದೇಶಿಕ ಸಾರಿಗೆ ಅಧಿಕಾರಿಗಳು, ಪೊಲೀಸ್ ವರಿಷ್ಠಾಧಿಕಾರಿಗಳು, ಕೃಷಿ ಇಲಾಖೆಯವರು, ಅದಕ್ಕಿಂತ ಹೆಚ್ಚಾಗಿ ನನ್ನ ಹಾಗೆ ಒಂದಿಷ್ಟು ಗದ್ದೆ, ಒಂದಿಷ್ಟು ತೋಟ ಇಟ್ಟುಕೊಂಡವರು ಓದಲಿ ಎಂದು ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಜೂನ್ ಕೊನೆಯ ವಾರ. ಉಳುಮೆಗೆ ಬಾಡಿಗೆ ಟ್ರ್ಯಾಕ್ಟರ್‌ಗಾಗಿ ಕಾದು ಕಾದು ಸಾಕಾಗಿ ಪಿರಿಯಾಪಟ್ಟಣದ ಕಡೆಯಿಂದ ಒಂದು ಹಳೆಯ ಟ್ರ್ಯಾಕ್ಟರ್ ಕೊಂಡೆ. ನಾಪೋಕ್ಲು ಕಡೆಯ ನಮ್ಮ ಗದ್ದೆಗೆ ಅದನ್ನು ತರಲು ಒಂದು ಕ್ಯಾಂಟರ್ ಗೊತ್ತು ಮಾಡಿದೆ. ರಸ್ತೆ ಪಕ್ಕದ ಬರೆಗೆ, ಅಂದರೆ ಮಣ್ಣಿನ ದಿಬ್ಬಕ್ಕೆ, ಕ್ಯಾಂಟರನ್ನು ಹಿಮ್ಮುಖವಾಗಿ ಕೊಟ್ಟು, ಎರಡು ಹಲಗೆ ಇಟ್ಟು, ಟ್ರ್ಯಾಕ್ಟರ್ ಹತ್ತಿಸಿದೆವು. ಮಳೆ ಹನಿಯುತ್ತಿತ್ತು. ಟೈರಿನ ಹಲ್ಲುಗಳ ನಡುವೆ ಕೆಸರು ಮೆತ್ತಿಕೊಂಡಿತ್ತು. ಡ್ರೈವರ್ ಕಾಫಿ ಮೂಟೆ ಬಿಗಿಯುವ ನೀಲಿ ಹಗ್ಗ ತಂದು ಮುಂದೆ ಎರಡು ಸುತ್ತು, ಹಿಂದೆ ಎರಡು ಸುತ್ತು ಹಾಕಿ ಕಟ್ಟಿದ. ‘ಇಷ್ಟೇ ಸಾಕಾ?’ ಎಂದು ಕೇಳಿದೆ. ‘ಎಂಥದೂ ಆಗುವುದಿಲ್ಲ ಸಾರ್. ಗೇರಲ್ಲಿದೆ, ಹ್ಯಾಂಡ್ ಬ್ರೇಕ್ ಹಾಕಿದೆ. ಹುಡುಗ ಮೇಲೆ ಕೂತು ಬ್ರೇಕ್ ತುಳಿದುಕೊಂಡಿರಲಿ’ ಅಂದ. ಹುಡುಗ ಎಂದರೆ ನಮ್ಮ ತೋಟದ ಕೆಲಸಗಾರರ ಲೈನ್ ಮನೆಯವನು, ಆಗ ಅವನಿಗೆ ಇಪ್ಪತ್ತೆರಡು. ನಾನು ಬೇಡ ಎನ್ನಲಿಲ್ಲ.

ಕುಶಾಲನಗರ, ಸುಂಟಿಕೊಪ್ಪ ದಾಟಿದೆವು. ಮಡಿಕೇರಿಯಲ್ಲಿ ಚಹಾ ಕುಡಿದೆವು. ಹಗ್ಗದ ಕಡೆ ಯಾರೂ ನೋಡಲಿಲ್ಲ. ಮೇಕೇರಿ ಕಡೆ ಇಳಿಯುವಾಗ ಒಂದು ತಿರುವಿನಲ್ಲಿ ಎದುರಿನಿಂದ ಬಸ್ ಬಂತು, ಕ್ಯಾಂಟರ್ ಡ್ರೈವರ್ ಬ್ರೇಕ್ ಒತ್ತಿದ. ಹಿಂದೆ ಜೀಪಿನಲ್ಲಿದ್ದ ನನಗೆ ಮೊದಲು ಕೇಳಿದ್ದು ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಟ್ರ್ಯಾಕ್ಟರ್ ಮೂರು ಗೇಣು ಮುಂದಕ್ಕೆ ಜಾರಿ ಕ್ಯಾಬಿನ್ ಹಿಂಬದಿಗೆ ಗುದ್ದಿತ್ತು. ಹುಡುಗ ಸ್ಟೇರಿಂಗ್ ಮೇಲೆ ಮುಗ್ಗರಿಸಿದ್ದ, ಬಲಗಾಲು ಬ್ರೇಕ್ ಪೆಡಲ್ಲಿನ ಅಡಿ ಸಿಕ್ಕಿಕೊಂಡಿತ್ತು. ಪಾದದ ಗಂಟು ಎರಡು ಕಡೆ ಮುರಿದಿತ್ತು. ಪ್ಲೇಟ್ ಹಾಕಿದರು. ಈಗ ನಡೆಯುತ್ತಾನೆ, ಆದರೆ ಕಾಫಿ ಚೀಲ ಹೊತ್ತು ಕಣದ ಮೆಟ್ಟಿಲು ಹತ್ತುವಾಗ ಆ ಕಾಲನ್ನು ಇವತ್ತಿಗೂ ಓರೆಯಾಗಿ ಇಡುತ್ತಾನೆ.

ಆ ದಿನ ಹಗ್ಗ ತುಂಡಾಗಿರಲಿಲ್ಲ. ಅದು ಹಿಗ್ಗಿತ್ತು. ಅದನ್ನು ಕಟ್ಟಿದ್ದು ಕ್ಯಾಂಟರ್ ಬಾಡಿಯ ಹೊರಗಿರುವ ಸಣ್ಣ ಕೊಕ್ಕೆಗಳಿಗೆ. ಟಾರ್ಪಾಲ್ ಎಳೆದು ಕಟ್ಟಲು ಎರಡು ಚುಕ್ಕೆ ವೆಲ್ಡಿಂಗ್ ಕೊಟ್ಟು ಕೂರಿಸಿದ ಕೊಕ್ಕೆಗಳು ಅವು. ಒಂದು ಕೊಕ್ಕೆ ಮಡಚಿದ ಬೆರಳು ಬಿಚ್ಚಿದ ಹಾಗೆ ನೆಟ್ಟಗಾಗಿ ಕೈಗೆ ಬಂತು. ಅದನ್ನು ಎಸೆಯಲಿಲ್ಲ. ಈ ಪತ್ರ ಬರೆಯುತ್ತಿರುವ ಮೇಜಿನ ಮೇಲೇ ಇದೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತ ದಿನಗಳಲ್ಲಿ ನಾನು ಈ ವಿಷಯ ಓದತೊಡಗಿದೆ. ಆಮೇಲೆ ಮೆಕ್ಯಾನಿಕ್‌ಗಳನ್ನು, ಜೆಸಿಬಿ ಸಾಗಿಸುವವರನ್ನು ಕೇಳಿ ತಿಳಿದುಕೊಂಡೆ.

ಬ್ರೇಕ್ ಹಾಕಿದರೆ ಟ್ರ್ಯಾಕ್ಟರಿನ ಗಾಲಿ ಉರುಳುವುದಿಲ್ಲ, ನಿಜ. ಆದರೆ ಉರುಳದ ಗಾಲಿಯೂ ಜಾರುತ್ತದೆ. ಕೆಸರು ಮೆತ್ತಿದ ಟೈರು, ಮಳೆಯಲ್ಲಿ ನೆನೆದ ಕಬ್ಬಿಣದ ತಳ, ಇವೆರಡರ ನಡುವೆ ಹಿಡಿತವೇ ಇರುವುದಿಲ್ಲ. ಮೇಲೆ ಕೂತವನು ಎಷ್ಟು ಬಲವಾಗಿ ಪೆಡಲ್ ತುಳಿದರೂ ಟ್ರ್ಯಾಕ್ಟರ್ ಅವನನ್ನೂ ಹೊತ್ತುಕೊಂಡು ಇಡಿಯಾಗಿ ಜಾರುತ್ತದೆ. ಗದ್ದೆಯ ಕೆಸರಿಗೆ ಹಾಕುವ ಕಬ್ಬಿಣದ ಪಟ್ಟಿಗಳ ಕೇಜ್ ವೀಲ್ ಬಿಚ್ಚದೆ ಹತ್ತಿಸಿದರಂತೂ ಕಬ್ಬಿಣದ ಮೇಲೆ ಕಬ್ಬಿಣ. ಅದು ಜಾರುಬಂಡೆಗೆ ಸಮ. ನಾಟಿ ಸಮಯದಲ್ಲಿ ಬಾಳೆಲೆ, ಪೊನ್ನಂಪೇಟೆ ಕಡೆ ಹಾಗೇ ಹೇರಿಕೊಂಡು ಹೋಗುವುದನ್ನು ನಾನೇ ನೋಡಿದ್ದೇನೆ.

ಎಷ್ಟು ಬಲ ಬೀಳುತ್ತದೆ ಎಂಬ ಲೆಕ್ಕ ಕಷ್ಟದ್ದಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲದಿಂದ ಮುಂದಕ್ಕೆ ನೂಕುತ್ತದೆ ಎಂದು ಹಿಡಿದುಕೊಂಡೇ ಕಟ್ಟಬೇಕು ಎನ್ನುತ್ತವೆ ಅಮೆರಿಕದ ಮತ್ತು ಯುರೋಪಿನ ನಿಯಮಗಳು. ಪಕ್ಕಕ್ಕೆ ಹಿಡಿಯಬೇಕಾದದ್ದು ತೂಕದ ಅರ್ಧ ಪಾಲು. ನನ್ನ ಟ್ರ್ಯಾಕ್ಟರ್ ಸುಮಾರು 1,900 ಕೆ.ಜಿ. ಅಂದರೆ ಮುಂದಕ್ಕೆ 1,500 ಕೆ.ಜಿ.ಗೂ ಹೆಚ್ಚು. ಇನ್ನು ನಮ್ಮ ತಿರುವುಗಳು. 20 ಮೀಟರ್ ತ್ರಿಜ್ಯದ ಒಂದು ತಿರುವಿನಲ್ಲಿ ವಾಹನ ಗಂಟೆಗೆ 30 ಕಿ.ಮೀ. ವೇಗದಲ್ಲಿದ್ದರೆ ಅದೇ ಟ್ರ್ಯಾಕ್ಟರ್ ಸುಮಾರು 670 ಕೆ.ಜಿ. ಬಲದಿಂದ ಹೊರಗಡೆಗೆ ಎಳೆಯುತ್ತದೆ. ವೇಗ ನಲವತ್ತಾದರೆ ಅದು 1,200ರ ಹತ್ತಿರಕ್ಕೆ ಹೋಗುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವವರಿಗೆ, ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿಯುವವರಿಗೆ ಅಂಥ ತಿರುವು ಎಷ್ಟು ಸಿಗುತ್ತವೆ ಎಂದು ನಾನು ಹೇಳಬೇಕಾಗಿಲ್ಲ. ಒಂದು ಕಡೆ ಬರೆ, ಇನ್ನೊಂದು ಕಡೆ ಕಂದಕ. ಕ್ಯಾಂಟರಿನಿಂದ ಕಳಚಿದ ಟ್ರ್ಯಾಕ್ಟರ್ ಕಂದಕಕ್ಕೆ ಹೋಗದಿದ್ದರೆ ಎದುರಿಗೆ ಬರುವ ಬೈಕಿನ ಮೇಲೋ ಶಾಲೆ ಮಕ್ಕಳ ಜೀಪಿನ ಮೇಲೋ ಬೀಳುತ್ತದೆ.

ಟೈರು ಗಾಳಿ ತುಂಬಿದ ವಸ್ತು ಎಂಬುದನ್ನೂ ಮರೆಯುತ್ತೇವೆ. ರಸ್ತೆಯ ಪ್ರತಿ ಗುಂಡಿಗೂ ಟ್ರ್ಯಾಕ್ಟರ್ ಕುಕ್ಕುತ್ತದೆ, ಕುಕ್ಕಿದಾಗ ಕಟ್ಟು ಒಂದು ಕ್ಷಣ ಸಡಿಲವಾಗುತ್ತದೆ, ಎದ್ದಾಗ ಜಗ್ಗುತ್ತದೆ. ನೂರು ಗುಂಡಿ ದಾಟುವಷ್ಟರಲ್ಲಿ ಬಿಗಿಯಾಗಿದ್ದ ಹಗ್ಗ ತೊಟ್ಟಿಲ ಹಗ್ಗವಾಗಿರುತ್ತದೆ. ನೈಲಾನ್ ಹಗ್ಗ ಮೊದಲೇ ಹಿಗ್ಗುವ ಜಾತಿ, ನೆನೆದರೆ ಬಲವೂ ಕುಗ್ಗುತ್ತದೆ. ಮಡಿಕೇರಿಯಂಥ ಊರಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆಯಲ್ಲಿ ಹಗ್ಗ ಯಾವಾಗ ಒಣಗಿರುತ್ತದೆ?

ಹಾಗಾದರೆ ಹೇಗೆ ಕಟ್ಟಬೇಕು? ನನ್ನಂಥ ಟ್ರ್ಯಾಕ್ಟರ್ ಇಟ್ಟವರಿಗೆ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಜಿಲ್ಲಾಧಿಕಾರಿಗಳು ಸಹಿಸಿಕೊಳ್ಳಬೇಕು.

ಹತ್ತಿಸುವ ಮುಂಚೆ ಟೈರಿನ ಕೆಸರು ಕೆರೆದು, ವಾಹನದ ತಳ ಗುಡಿಸಿ. ಹಲಗೆ ಕಡಿದಾಗಿದ್ದರೆ ಟ್ರ್ಯಾಕ್ಟರನ್ನು ರಿವರ್ಸಿನಲ್ಲೇ ಹತ್ತಿಸಿ. ಟ್ರ್ಯಾಕ್ಟರಿನ ಹೆಚ್ಚಿನ ಭಾರ ಹಿಂದಿನ ಗಾಲಿಯ ಮೇಲಿರುವುದರಿಂದ ಮೂತಿ ಮೇಲೆ ಮಾಡಿ ಕಡಿದಾಗಿ ಹತ್ತಿಸಿದರೆ ಮುಂದಿನ ಗಾಲಿ ಎದ್ದು ಹಿಂದಕ್ಕೆ ಮಗುಚಬಹುದು. ಹಾಗೆ ಮಗುಚುವಾಗ ಸೀಟಿನಲ್ಲಿದ್ದವನಿಗೆ ಹಾರಲು ಸಮಯ ಸಿಗುವುದಿಲ್ಲ. ಟ್ರೇಲರ್ ಆಗಿದ್ದರೆ ಭಾರ ಅದರ ಆಕ್ಸಲ್‌ಗಿಂತ ತುಸು ಮುಂದೆ ಬೀಳುವಂತೆ ನಿಲ್ಲಿಸಬೇಕು. ಭಾರ ಹಿಂದಕ್ಕೆ ಹೋದರೆ ಇಳಿಜಾರಿನಲ್ಲಿ ಟ್ರೇಲರ್ ಬಾಲ ಅಲ್ಲಾಡಿಸತೊಡಗುತ್ತದೆ, ಎಳೆಯುವ ವಾಹನದ ಹಿಂದಿನ ಗಾಲಿಯ ಹಿಡಿತವೂ ತಪ್ಪುತ್ತದೆ. ನಿಲ್ಲಿಸಿದ ಮೇಲೆ ಎಡ ಬಲದ ಬ್ರೇಕ್ ಪೆಡಲ್ ಎರಡನ್ನೂ ಸೇರಿಸಿ ಲಾಕ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಲೋ ಗೇರಿನಲ್ಲಿಟ್ಟು, ಕೀ ತೆಗೆದುಕೊಳ್ಳಿ. ಗಾಲಿಗಳಿಗೆ ಹಿಂದೆ ಮುಂದೆ ಮರದ ಆಪು ಕೊಡಿ. ಕಲ್ಲು ಬೇಡ, ಕಬ್ಬಿಣದ ಮೇಲೆ ಕಲ್ಲು ಉರುಳುತ್ತದೆ. ಹಿಂದೆ ಮಣ್ಣು ಪುಡಿ ಮಾಡುವ ರೊಟೊವೇಟರ್ ಇದ್ದರೆ ಹೈಡ್ರಾಲಿಕ್ ಮೇಲೆ ನೇತಾಡಿಸಬೇಡಿ, ತಳಕ್ಕೆ ಇಳಿಸಿ ಅದಕ್ಕೆ ಬೇರೆಯೇ ಒಂದು ಚೈನ್ ಹಾಕಿ. ಸೈಲೆನ್ಸರ್ ಬಾಯಿ ಮುಚ್ಚಿ. ನಮ್ಮಲ್ಲಿ ಮಳೆಗಾಲಕ್ಕೆ ಹಾಲಿನ ಪುಡಿ ಡಬ್ಬ ಕವುಚಿಡುತ್ತೇವಲ್ಲ, ಅದೇ ಸಾಕು, ಆದರೆ ದಾರಿಯಲ್ಲಿ ಹಾರದಂತೆ ತಂತಿ ಸುತ್ತಿ.

ಇನ್ನು ಚೈನ್. ನಾಲ್ಕು ಬೇಕು, ನಾಲ್ಕು ಮೂಲೆಗೆ ನಾಲ್ಕು. ಒಂದೇ ಉದ್ದದ ಚೈನನ್ನು ಸುತ್ತಿ ಸುತ್ತಿ ಕಟ್ಟಿದರೆ ಒಂದು ಕಡೆ ಬಿಚ್ಚಿದಾಗ ಎಲ್ಲಾ ಕಡೆಯೂ ಸಡಿಲವಾಗುತ್ತದೆ. ಮುಂದಿನ ಎರಡು ಚೈನ್ ಮುಂದಕ್ಕೆ ಮತ್ತು ಹೊರಕ್ಕೆ ಎಳೆಯಬೇಕು, ಹಿಂದಿನ ಎರಡು ಹಿಂದಕ್ಕೆ ಮತ್ತು ಹೊರಕ್ಕೆ. ಬ್ರೇಕ್ ಹಾಕಿದಾಗ ಟ್ರ್ಯಾಕ್ಟರ್ ಮುಂದೆ ಜಾರದಂತೆ ಹಿಡಿಯುವುದು ಹಿಂದಿನ ಚೈನುಗಳು. ಮುಂದೆ ಮಾತ್ರ ಬಿಗಿದು ‘ಗಟ್ಟಿಯಾಯಿತು’ ಎನ್ನುವವರು ಇದನ್ನು ಯೋಚಿಸಿರುವುದಿಲ್ಲ, ನಾನೂ ಯೋಚಿಸಿರಲಿಲ್ಲ. ಚೈನ್ ತೀರಾ ನೆಟ್ಟಗೆ ಮೇಲಿನಿಂದ ಕೆಳಕ್ಕೆ ಇಳಿಯಬಾರದು. ತಳಕ್ಕೂ ಚೈನಿಗೂ ನಡುವಿನ ಕೋನ 45 ಡಿಗ್ರಿಯೊಳಗಿದ್ದರೆ ಮುಂದೆ ಹಿಂದೆ ಜಾರುವುದನ್ನು ಚೆನ್ನಾಗಿ ತಡೆಯುತ್ತದೆ.

ಟ್ರ್ಯಾಕ್ಟರಿನ ಕಡೆ ಚೈನ್ ಸಿಕ್ಕಿಸುವ ಜಾಗ ಗಟ್ಟಿ ಇರಬೇಕು: ಮುಂದೆ ಆಕ್ಸಲ್ ಅಥವಾ ಎಳೆಯುವ ಕೊಕ್ಕೆ, ಹಿಂದೆ ಆಕ್ಸಲ್ ಹೌಸಿಂಗ್ ಅಥವಾ ಡ್ರಾಬಾರ್ ಕೂರಿಸಿದ ಚೌಕಟ್ಟು. ಸ್ಟೇರಿಂಗಿನ ಟೈ ರಾಡ್, ಹೈಡ್ರಾಲಿಕ್ ತೋಳು, ಮಡ್‌ಗಾರ್ಡ್, ಫುಟ್‌ಬೋರ್ಡ್ ಇವುಗಳನ್ನು ಮುಟ್ಟಲೇಬೇಡಿ. ಟೈ ರಾಡ್ ಬಾಗಿದ ಟ್ರ್ಯಾಕ್ಟರ್ ಮಾರನೆಯ ದಿನ ಗದ್ದೆಯಲ್ಲಿ ಎಡಕ್ಕೆ ಎಳೆದಾಗಲೇ ಗೊತ್ತಾಗುವುದು. ಹಸು ಕಟ್ಟುವ ಸರಪಳಿ, ಗೇಟಿಗೆ ಹಾಕುವ ಸರಪಳಿ ಇದಕ್ಕೆ ಆಗುವುದಿಲ್ಲ. 8 ಮಿ.ಮೀ. ದಪ್ಪದ, ಗ್ರೇಡ್ 80 ಎಂಬ ಗಟ್ಟಿ ಉಕ್ಕಿನ ಚೈನ್ ಕೇಳಿ ತರಬೇಕು. ಭಾರ ಎತ್ತುವ ಕೆಲಸಕ್ಕೇ ಅದು 2 ಟನ್ ತಡೆಯುವ ಚೈನ್. ಬಿಗಿಯಲು ಲೋಡ್ ಬೈಂಡರ್, ಅಂದರೆ ಚೈನನ್ನು ಎಳೆದು ಬಿಗಿ ಮಾಡುವ ಹಿಡಿಕೆಯ ಸಾಧನ. ರ‍್ಯಾಟ್ಚೆಟ್ ಬೆಲ್ಟ್ (ಹಲ್ಲುಚಕ್ರದಿಂದ ಬಿಗಿಯುವ ಪಟ್ಟಿ) ಬಳಸುವವರು ಒಂದು ಮಾತು ನೆನಪಿಡಬೇಕು: ಬೆಲ್ಟ್ ತುಂಡಾಗುವ ಭಾರವೇ ಬೇರೆ, ಅದನ್ನು ನಂಬಬಹುದಾದ ಭಾರವೇ ಬೇರೆ. ಎರಡನೆಯದು ಸಾಮಾನ್ಯವಾಗಿ ಮೊದಲನೆಯದರ ಮೂರನೇ ಒಂದು ಪಾಲು. ಅಂಚು ಹರಿದ ಬೆಲ್ಟನ್ನು ಗಂಟು ಹಾಕಿ ಬಳಸುವುದಂತೂ ಬೇಡವೇ ಬೇಡ. ನನ್ನ ನಾಲ್ಕು ಚೈನು, ನಾಲ್ಕು ಬೈಂಡರ್ ಸೇರಿ ಟ್ರ್ಯಾಕ್ಟರಿನ ಹಿಂದಿನ ಒಂದು ಹೊಸ ಟೈರಿನ ಬೆಲೆ ಮುಟ್ಟಲಿಲ್ಲ.

ಹೊರಟ ಮೊದಲ ಐದಾರು ಕಿಲೋಮೀಟರಿನಲ್ಲೇ ಒಮ್ಮೆ ನಿಲ್ಲಿಸಿ ಚೈನು ತಟ್ಟಿ ನೋಡಿ, ಮತ್ತೆ ಬಿಗಿಯಿರಿ. ಅಮೆರಿಕದ ನಿಯಮದಲ್ಲಿ ಮೊದಲ 80 ಕಿ.ಮೀ. ಒಳಗೆ ನೋಡಬೇಕು ಎಂದಿದೆ. ನಮ್ಮಲ್ಲಿ ಅಷ್ಟು ಹೊತ್ತಿಗೆ ಜಿಲ್ಲೆಯೇ ದಾಟಿರುತ್ತದೆ. ಅಲ್ಲಿ ಸುಮಾರು 4,500 ಕೆ.ಜಿ. ದಾಟಿದ ಯಂತ್ರಕ್ಕೆ ಕನಿಷ್ಠ ನಾಲ್ಕು ಕಟ್ಟು ಕಡ್ಡಾಯ. ನಮ್ಮ ಟ್ರ್ಯಾಕ್ಟರ್ ಅದರ ಅರ್ಧವೂ ತೂಗುವುದಿಲ್ಲ ಎಂದು ಯಾರಾದರೂ ಹೇಳಿದರೆ, ನಮ್ಮ ಮೇಕೇರಿ ಇಳಿಜಾರನ್ನು ಒಮ್ಮೆ ಮಳೆಯಲ್ಲಿ ಇಳಿದು ಬರಲಿ ಎನ್ನುತ್ತೇನೆ.

ಇಷ್ಟೆಲ್ಲ ಗೊತ್ತಿದ್ದರೂ ಕೆಲಸ ಆಗುವುದಿಲ್ಲ ಏಕೆ ಎಂಬುದಕ್ಕೆ ಕಾರಣ ಇದೆ. ನನ್ನ ಚೈನ್ ತಂದ ಮೇಲೆ ಮೂರು ಕ್ಯಾಂಟರ್ ನೋಡಿದೆ, ಮೂರರಲ್ಲೂ ಚೈನ್ ಸಿಕ್ಕಿಸಲು ಜಾಗವೇ ಇರಲಿಲ್ಲ. ತಳದಲ್ಲಿ ಕಬ್ಬಿಣದ ಬಳೆ ಇಲ್ಲ, ಹೊರಗೆ ಟಾರ್ಪಾಲ್ ಕೊಕ್ಕೆ ಮಾತ್ರ. ಡ್ರೈವರ್‌ಗಳನ್ನು ಬೈದು ಪ್ರಯೋಜನವಿಲ್ಲ. ಬಾಡಿಗೆಯಲ್ಲಿ ಐನೂರು ರೂಪಾಯಿ ಕಡಿಮೆ ಹೇಳಿದವನನ್ನೇ ನಾವು ಕರೆಯುವುದು, ಕಟ್ಟಲು ಅರ್ಧ ಗಂಟೆ ತೆಗೆದುಕೊಂಡವನಿಗೆ ‘ಬೇಗ ಮಾಡಪ್ಪ’ ಎನ್ನುವವರೂ ನಾವೇ.

ಸರ್ಕಾರದ ಕಣ್ಣೂ ಬೇರೆ ಕಡೆ ಇದೆ. ಮಳೆಗಾಲ ಬಂದೊಡನೆ ಜಿಲ್ಲಾಡಳಿತ ಭಾರಿ ಸರಕು ವಾಹನಗಳ ಓಡಾಟಕ್ಕೆ ನಿರ್ಬಂಧ ಹಾಕುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡವೇ ಜಾರಿದ್ದನ್ನು ಕಂಡ ನಾವು ಆ ನಿರ್ಬಂಧವನ್ನು ಒಪ್ಪುತ್ತೇವೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ ಅತಿಭಾರಕ್ಕೂ, ಹೊರಚಾಚಿದ ಸರಕಿಗೂ 20,000 ರೂಪಾಯಿ ದಂಡ ಇಟ್ಟಿದೆ. ತೂಕ ನೋಡುತ್ತಾರೆ, ಚಾಚಿದ್ದನ್ನು ಅಳೆಯುತ್ತಾರೆ. ತೂಕದ ಮಿತಿಯೊಳಗೇ ಇರುವ, ಎಲ್ಲೂ ಚಾಚದ ಒಂದು ಟ್ರ್ಯಾಕ್ಟರ್ ನೀಲಿ ಹಗ್ಗದಲ್ಲಿ ತೂಗಾಡುತ್ತಾ, ಮೇಲೊಬ್ಬ ಹುಡುಗ ಕೂತು, ತಪಾಸಣಾ ಗೇಟ್ ದಾಟಿ ಹೋಗುವಾಗ ಯಾರೂ ಕೈ ಅಡ್ಡ ಹಿಡಿಯುವುದಿಲ್ಲ. ನಮ್ಮ ಕ್ಯಾಂಟರನ್ನೂ ಆ ದಿನ ಯಾರೂ ನಿಲ್ಲಿಸಲಿಲ್ಲ. ಸರಕು ವಾಹನದಲ್ಲಿ ಪುಕ್ಕಟೆ ಪ್ರಯಾಣಿಸುವವರ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಹೀಗೆ ಮೇಲೆ ಕೂರಿಸಿದ ಕೂಲಿಯವನಿಗೆ ಏನಾದರೂ ಆದರೆ ಅವನ ಮನೆಯವರು ಪರಿಹಾರಕ್ಕಾಗಿ ಎಷ್ಟು ವರ್ಷ ಅಲೆಯಬೇಕೋ ಯೋಚಿಸಿ. ನಮ್ಮ ಹುಡುಗನ ಖರ್ಚನ್ನು ನಾನೇ ಕೊಟ್ಟೆ, ಕೊಡಬೇಕಾದದ್ದೇ. ಆದರೆ ಅವನ ಕಾಲನ್ನು ನಾನು ಮೊದಲಿನ ಹಾಗೆ ಮಾಡಿಕೊಡಲು ಆಗಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೇಳುವುದು ಇಷ್ಟು. ಆನೆಚೌಕೂರು, ಸಂಪಾಜೆ, ಮಾಕುಟ್ಟ, ಕುಟ್ಟ ಈ ಗೇಟುಗಳಲ್ಲಿ ಮತ್ತು ಕುಶಾಲನಗರ ಪ್ರವೇಶದಲ್ಲಿ ಇರುವ ಸಿಬ್ಬಂದಿಗೆ ಒಂದು ಸೂಚನೆ ಹೋಗಲಿ. ವಾಹನದ ಮೇಲೆ ಟ್ರ್ಯಾಕ್ಟರ್, ಟಿಲ್ಲರ್, ಕೊಯ್ಲು ಯಂತ್ರ ಏನೇ ಇರಲಿ, ಅದರ ಮೇಲೆ ಮನುಷ್ಯ ಕೂತಿದ್ದರೆ ಅಲ್ಲೇ ಕೆಳಗಿಳಿಸಬೇಕು. ನಾಲ್ಕು ಕಡೆ ಕಟ್ಟು ಇಲ್ಲದಿದ್ದರೆ ವಾಹನ ಪಕ್ಕಕ್ಕೆ ನಿಲ್ಲಿಸಿ, ಕಟ್ಟಿದ ಮೇಲೆಯೇ ಬಿಡಬೇಕು. ಮೊದಲ ವರ್ಷ ದಂಡಕ್ಕಿಂತ ಈ ನಿಲ್ಲಿಸುವಿಕೆಯೇ ಹೆಚ್ಚು ಕೆಲಸ ಮಾಡುತ್ತದೆ ಎಂದು ನನಗೆ ಅನಿಸುತ್ತದೆ, ಏಕೆಂದರೆ ಬಾಡಿಗೆ ವಾಹನದವನಿಗೆ ಹಣಕ್ಕಿಂತ ಸಮಯ ದುಬಾರಿ.

ಕ್ಯಾಂಟರ್, ಪಿಕಪ್‌ಗಳು ಎಫ್‌ಸಿಗೆ, ಅಂದರೆ ಅರ್ಹತಾ ಪತ್ರಕ್ಕೆ, ಬಂದಾಗ ತಳದಲ್ಲಿ ನಾಲ್ಕು ಬಳೆ ಇದೆಯೇ ಎಂದು ಸಾರಿಗೆ ಅಧಿಕಾರಿಗಳು ನೋಡಿ ಸಲಹೆ ಕೊಡಲಿ. ಬಳೆಗಳನ್ನು ಹಲಗೆಗೋ ತಗಡಿಗೋ ಅಲ್ಲ, ಚಾಸಿಸ್ಸಿನ ಅಡ್ಡಪಟ್ಟಿಗೆ ಕೂರಿಸಬೇಕು. ಇದು ಒಳ್ಳೆಯ ವೆಲ್ಡರ್‌ಗೆ ಒಂದು ದಿನದ ಕೆಲಸ.

ಕೃಷಿ ಇಲಾಖೆ ಮಿನಿ ಟ್ರ್ಯಾಕ್ಟರ್‌ಗೂ ಪವರ್ ಟಿಲ್ಲರ್‌ಗೂ ಸಬ್ಸಿಡಿ ಕೊಡುತ್ತದೆ. ಯಂತ್ರದ ಜೊತೆ ಒಂದು ಸೆಟ್ ಚೈನೂ ಸೇರಲಿ. ಅದು ಈಗಲೇ ಆಗದಿದ್ದರೆ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ರೊಟೊವೇಟರ್ ಬಾಡಿಗೆಗೆ ಸಿಗುವ ಹಾಗೆ ಚೈನು, ಬೈಂಡರ್, ಮರದ ಆಪು, ಎರಡು ಒಳ್ಳೆಯ ಹಲಗೆ ಬಾಡಿಗೆಗೆ ಸಿಗಲಿ. ವರ್ಷಕ್ಕೆ ಒಂದೆರಡು ಸಲ ಟ್ರ್ಯಾಕ್ಟರ್ ಸಾಗಿಸುವವನು ಚೈನ್ ಕೊಳ್ಳದೆ ಇರಬಹುದು, ಬಾಡಿಗೆಗೆ ಸಿಕ್ಕರೆ ಖಂಡಿತ ಒಯ್ಯುತ್ತಾನೆ.

ಹತ್ತಿಸಿ ಇಳಿಸಲು ಒಂದು ಕಟ್ಟೆಯೂ ಬೇಕು. ಈಗ ರಸ್ತೆ ಬದಿಯ ಬರೆಯೇ ನಮ್ಮ ಕಟ್ಟೆ. ಮಳೆಯಲ್ಲಿ ನೆನೆದ ಬರೆ ಎರಡು ಟನ್ ಭಾರಕ್ಕೆ ಕುಸಿದರೆ ಟ್ರ್ಯಾಕ್ಟರ್ ಕ್ಯಾಂಟರಿಗೂ ಬರೆಗೂ ನಡುವೆ ಬೀಳುತ್ತದೆ. ಗೋಣಿಕೊಪ್ಪ, ಕುಶಾಲನಗರದ ಆರ್‌ಎಂಸಿ (ಕೃಷಿ ಮಾರುಕಟ್ಟೆ) ಯಾರ್ಡ್‌ಗಳಲ್ಲಿ ಕ್ಯಾಂಟರ್ ತಳದ ಎತ್ತರಕ್ಕೆ ಒಂದು ಕಲ್ಲಿನ ಕಟ್ಟೆ, ಅದಕ್ಕೆ ಹತ್ತಲು ನಿಧಾನದ ಇಳಿಜಾರು ಕಟ್ಟಿಸಿದರೆ ಸುತ್ತಲಿನ ಹಳ್ಳಿಗಳವರು ಅಲ್ಲಿಗೇ ಬರುತ್ತಾರೆ. ನಾಪೋಕ್ಲು, ಶನಿವಾರಸಂತೆ ಕಡೆಗೂ ಒಂದೊಂದು ಬೇಕು.

ಕೊನೆಗೆ ಒಂದು ಬೇಡಿಕೆ, ಅದಕ್ಕೆ ತಮ್ಮಿಂದ ಹಣ ಬೇಡ. ಮಳೆ ಹಿಡಿಯುವ ಮುಂಚೆ, ಮೇ ತಿಂಗಳ ಒಂದು ಭಾನುವಾರ, ನಾಪೋಕ್ಲಿನಲ್ಲಿ ಒಂದು ಮೈದಾನ ಮತ್ತು ಒಬ್ಬ ಮೋಟಾರು ವಾಹನ ನಿರೀಕ್ಷಕರನ್ನು ಕೊಡಿಸಿ. ನನ್ನ ಟ್ರ್ಯಾಕ್ಟರ್, ತಳಕ್ಕೆ ಬಳೆ ಹಾಕಿಸಿಕೊಂಡ ಒಂದು ಕ್ಯಾಂಟರ್, ನಾಲ್ಕು ಚೈನು ನಾನು ತರುತ್ತೇನೆ. ಆ ಕ್ಯಾಂಟರಿನ ಡ್ರೈವರ್, ಅಂದು ನೀಲಿ ಹಗ್ಗ ಕಟ್ಟಿದವನೇ, ಬರಲು ಒಪ್ಪಿದ್ದಾನೆ. ಹಗ್ಗದಲ್ಲಿ ಕಟ್ಟಿ ಒಮ್ಮೆ, ಚೈನಿನಲ್ಲಿ ಕಟ್ಟಿ ಒಮ್ಮೆ, ಮೇಲೆ ಯಾರನ್ನೂ ಕೂರಿಸದೆ, ಖಾಲಿ ಮೈದಾನದಲ್ಲಿ ನಿಧಾನಕ್ಕೆ ಓಡಿಸಿ ಬ್ರೇಕ್ ಹಾಕಿ ತೋರಿಸುತ್ತೇವೆ. ನಮ್ಮ ಹುಡುಗನೂ ಬರುತ್ತೇನೆ ಎಂದಿದ್ದಾನೆ. ಮೇಜಿನ ಮೇಲಿರುವ ಈ ಕೊಕ್ಕೆಯನ್ನೂ ತರುತ್ತೇನೆ, ಎಲ್ಲರೂ ಕೈಯಲ್ಲಿ ಹಿಡಿದು ನೋಡಲಿ.

ದಿನ ಯಾವುದು ಎಂದು ತಿಳಿಸಿದರೆ ಸಾಕು.

ಇತಿ ತಮ್ಮ ವಿಶ್ವಾಸಿ,
ನಾಪೋಕ್ಲು ಕಡೆಯ ಒಬ್ಬ ಬೆಳೆಗಾರ